ಸರ್ ವಿಲಿಯಂ ರಾಮ್ಸೆಯವರ ಜೀವಿತವೂ ತೂಕದ ಶಾಸ್ತ್ರವೂ

ಬೆಂಗಳೂರಿನಲ್ಲಿ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಾ ಬಂದಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿರುವರು. ಅದಕ್ಕೆ ದ್ರವ್ಯವನ್ನಿತ್ತವರು ಜಮ್‌ಷೇಟ್‌ಜಿ ಟಾಟಾರವರೆಂಬುದನ್ನೂ, ನೆಲವನ್ನಿತ್ತವರು ಮೈಸೂರಿನ ಅರಸರೆಂಬುದನ್ನೂ ಬಲ್ಲರು. ಆದರೆ ಆ ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು, ದೇಶವನ್ನೆಲ್ಲಾ ಸುತ್ತಿ ನೋಡಿ, ಸಲಹೆಯಿತ್ತ ಪರದೇಶದ ವಿದ್ವಾಂಸರನ್ನು ಸ್ಮರಿಸುವವರು ವಿರಳ. ಅವರೇ ಸರ್ ವಿಲಿಯಂ ರಾಮ್ಸೆಯವರು. ನಾವು ಪ್ರತಿ ಕ್ಷಣವೂ ಒಳಕ್ಕೆಳೆದುಕೊಳ್ಳುವ ಗಾಳಿಯಲ್ಲಿ ಲೋಕವು ಅದುವರೆಗೆ ಅರಿಯದಿದ್ದ ಅನಿಲಗಳನ್ನು ಕಂಡುಹಿಡಿದು ಕೀರ್ತಿಶಾಲಿಗಳಾದವರು ಇವರು. ಇವರ ಚರಿತ್ರೆಯನ್ನು ಈ ಸಂಚಿಕೆಯ ಓದುಗರಿಗೆ ಒಪ್ಪಿಸುವುದು ಉಚಿತವೆಂದು ನನಗೆ ತೋರಿತು.

ಅವರ ಜೀವಿತಕ್ಕೆ ಮುಂಚೆ ಅವರು ಕೈಕೊಂಡ ಶಾಸ್ತ್ರದ ಸ್ವರೂಪವನ್ನು ಕೊಂಚ ಹೇಳಬೇಕಾಗಿದೆ. ಏಕೆಂದರೆ ಹೆಣ್ಣುಮಕ್ಕಳಿಗೆ ರಸಾಯನಶಾಸ್ತ್ರದಿಂದ ಆಗತಕ್ಕ ಪ್ರಯೋಜನವೇನೆಂದು ತಾಯಂದಿರು ಈಗಲೂ ನನ್ನನ್ನು ಕೇಳುವುದುಂಟು. ವಿಶ್ಲೇಷಣ ರಸಾಯನಶಾಸ್ತ್ರವು ಯಾವ ಪದಾರ್ಥವನ್ನು ಎದುರಿಗಿಟ್ಟರೂ ಎರಡೇ ಪ್ರಶ್ನೆಗಳನ್ನು ಕೇಳುತ್ತದೆ. ಇದರಲ್ಲಿ ಏನೇನಿದೆ ಎಂಬುದು ಮೊದಲನೆಯದು. ಅದು ಎಷ್ಟೆಷ್ಟಿದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಗುಣವಿಶ್ಲೇಷಣವೆಂದೂ ಎರಡನೆಯದಕ್ಕೆ ಪ್ರಮಾಣವಿಶ್ಲೇಷಣವೆಂದೂ ಹೆಸರು. ಅರಿಸಿನದ ನೀರಿಗೆ ಸುಣ್ಣವನ್ನು ಸೋಕಿಸಿದರೆ ಕೆಂಪಗಾಗುವುದನ್ನು ಓಕುಳಿಯನ್ನು ಕದಡಿದ ಪ್ರತಿಯೊಬ್ಬ ಹೆಂಗಸೂ ಕಂಡಿರುವಳು. ಅದಕ್ಕೆ ನಿಂಬೆಯ ರಸವನ್ನು ಹಿಂಡಿದರೆ ಕೆಂಪು ಅಳಿದು ಹಳದಿಯು ಮರಳುವುದು. ಕೆಂಪಗಾದದ್ದು ನೀರಿನಲ್ಲಿ ಕ್ಷಾರವಿದೆ ಎಂಬುದಕ್ಕೆ ಸಾಕ್ಷಿ. ಎಷ್ಟನೆಯ ತೊಟ್ಟಿಗೆ ಬಣ್ಣವು ತಿರುಗಿತೆಂದು ಎಣಿಸಿಕೊಂಡಳಾದರೆ, ಕ್ಷಾರವು ಎಷ್ಟಿತ್ತೆಂಬುದರ ಲೆಕ್ಕವೂ ದೊರೆತಂತಾಯಿತು. ಪ್ರಯೋಗಶಾಲೆಯಲ್ಲಿ ಗಾಜಿನ ಅಳತೆಗೊಳವೆಯಿಂದ ನಾವು ಮಾಡಿಸುವುದು ಇದನ್ನೇ. ಅಲ್ಲಿ ತೊಟ್ಟಿಗೆ ಗೊತ್ತಾದ ಅಳತೆಯಿರುತ್ತದೆ, ಹುಳಿಗೆ ಗೊತ್ತಾದ ಬಲವಿರುತ್ತದೆ, ಅಷ್ಟೇ ಭೇದ. ಹೊಳೆನರಸೀಪುರದ ಗೃಹಿಣಿಯು ಹೇಮಾವತಿಯ ನೀರಿನಲ್ಲಿ ಸುಲಭವಾಗಿ ನೊರೆಬಿಡುವ ಸಾಬೂನು ಗಡಸು ನೀರಿನ ಬಾವಿಯಲ್ಲಿ ಬಿಳಿಯ ಗಷ್ಟಾಗಿ ಒಡೆಯುವುದನ್ನು ಕಂಡಾಗ, ಆ ಬಾವಿಯಲ್ಲಿ ಸುಣ್ಣದ ಲವಣಗಳಿವೆ ಎಂಬ ವರದಿಯನ್ನು ಸಾಬೂನೇ ಅವಳಿಗೆ ಒಪ್ಪಿಸುತ್ತದೆ. ಅಕ್ಕಸಾಲಿಗನ ಒರೆಗಲ್ಲೂ ಇದೇ ಶಾಸ್ತ್ರದ ಸಾಧನವು.

ಆದರೆ ಈ ಶಾಸ್ತ್ರದ ನಿಜವಾದ ನ್ಯಾಯಾಧೀಶನು ಬಣ್ಣವಲ್ಲ, ತಕ್ಕಡಿ. ಒಂದು ವಸ್ತುವನ್ನು ಭಾಗಗಳಾಗಿ ಬೇರ್ಪಡಿಸಿದ ಮೇಲೆ ಆ ಭಾಗಗಳ ತೂಕಗಳನ್ನು ಕೂಡಿದರೆ ಮೊದಲಿನ ತೂಕವು ಬರಲೇಬೇಕು. ಬಾರದಿದ್ದರೆ ಎಲ್ಲಿಯೋ ಏನೋ ತಪ್ಪಿಹೋಗಿದೆ, ಇಲ್ಲವೆ ಗೊತ್ತಿಲ್ಲದ್ದೊಂದು ಒಳಗೆ ಅಡಗಿದೆ. ಹುಡುಗಿಯರು ಲೆಕ್ಕದಲ್ಲಿ ಶೇಷವು ಉಳಿದಾಗ ಅದನ್ನು ಮೂಲೆಯಲ್ಲಿ ಸಣ್ಣದಾಗಿ ಬರೆದು ಮುಂದಕ್ಕೆ ಹೋಗುವರು. ರಾಮ್ಸೆಯವರ ಜೀವಿತದ ಬಹುಭಾಗವು ಇಂಥ ಶೇಷವೊಂದನ್ನು ಹಿಡಿದು ಬಿಡದೆ ಹೋದ ಕಥೆಯಾಗಿದೆ.

ಅವರು ಸ್ಕಾಟ್ಲೆಂಡಿನ ಗ್ಲಾಸ್ಗೋ ಪಟ್ಟಣದಲ್ಲಿ ೧೮೫೨ನೆಯ ಅಕ್ಟೋಬರ್ ೨ರಂದು ಜನಿಸಿದರು. ತಂದೆ ಇಂಜಿನಿಯರರು, ಚಿಕ್ಕಪ್ಪನವರಾದ ಸರ್ ಆಂಡ್ರೂ ರಾಮ್ಸೆಯವರು ಹೆಸರಾದ ಭೂಗರ್ಭಶಾಸ್ತ್ರಜ್ಞರು. ದೈವಭಕ್ತಿಯುಳ್ಳ ಮನೆತನವಾದುದರಿಂದ ಮಗನು ಸಭಾಪಾಲಕನಾಗಬೇಕೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ, ಅಂದರೆ ೧೮೬೬ರಲ್ಲಿ, ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿ ಗ್ರೀಕ್ ಲ್ಯಾಟಿನ್‌ಗಳನ್ನು ಓದತೊಡಗಿದನು. ಆ ಕಾಲದಲ್ಲಿ ಕಾಲ್ಚೆಂಡಿನ ಆಟದಲ್ಲಿ ಕಾಲು ಮುರಿದು ಮಲಗಬೇಕಾಯಿತು. ಹಾಸಿಗೆಯಲ್ಲಿ ಹೊತ್ತು ಕಳೆಯಲು ಗ್ರೇಹಾಂ ಎಂಬವರ ರಸಾಯನಶಾಸ್ತ್ರದ ಗ್ರಂಥವನ್ನು ತೆರೆದನಂತೆ. ಅದರಲ್ಲಿ ಹುಡುಗನಿಗೆ ಬೇಕಾಗಿದ್ದದ್ದು ಬಾಣಬಿರುಸುಗಳನ್ನು ಮಾಡುವ ವಿಧಾನ ಮಾತ್ರ! ಜ್ಞಾನದ ದೇಗುಲವನ್ನು ಎಲ್ಲರೂ ಮುಂಬಾಗಿಲಿನಿಂದಲೇ ಪ್ರವೇಶಿಸಬೇಕೆಂಬ ನಿಯಮವಿಲ್ಲವಷ್ಟೆ.

೧೮೬೯ರಲ್ಲಿ ಅವನು ಗ್ಲಾಸ್ಗೋ ನಗರದ ವಿಶ್ಲೇಷಕರಾದ ಟ್ಯಾಟ್ಲಾಕ್ ಎಂಬವರ ಪ್ರಯೋಗಶಾಲೆಯಲ್ಲಿ ಶಿಷ್ಯವೃತ್ತಿಗೆ ನಿಂತನು. ಇಂಥ ಕೆಲಸದಲ್ಲಿ ಆಡಂಬರವೇನೂ ಇಲ್ಲ. ಅಳೆಯುವುದು, ಸೋಸುವುದು, ಒಣಗಿಸುವುದು, ತೂಗುವುದು, ಬರೆದಿಡುವುದು, ಮರುದಿನವೂ ಅದನ್ನೇ. ಮುಂದೆ ಅವರ ಕೈಯಿಂದ ಆದ ಮಹತ್ಕಾರ್ಯಗಳಿಗೆ ಈ ಬೇಸರದ ಅಭ್ಯಾಸವೇ ಬುನಾದಿಯಾಯಿತೆಂದು ನನ್ನ ಅಭಿಪ್ರಾಯ. ಅನಂತರ ಜರ್ಮನಿಗೆ ಹೋಗಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಫಿಟ್ಟಿಗ್ ಪಂಡಿತರ ಕೈಕೆಳಗೆ ವ್ಯಾಸಂಗ ಮಾಡಿ ೧೮೭೨ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಸ್ವದೇಶಕ್ಕೆ ಮರಳಿ ಗ್ಲಾಸ್ಗೋವಿನಲ್ಲಿ ಕೆಲವು ವರುಷ ಪಾಠ ಹೇಳಿ, ೧೮೮೦ರಲ್ಲಿ ಬ್ರಿಸ್ಟಲ್ ಕಾಲೇಜಿನ ಪ್ರೊಫೆಸರರಾಗಿಯೂ ಮರುವರುಷ ಅದರ ಪ್ರಿನ್ಸಿಪಾಲರಾಗಿಯೂ ನಿಯಮಿತರಾದರು. ಅದೇ ೧೮೮೧ರಲ್ಲಿ ಮಾರ್ಗರೆಟ್ ಬುಕಾನನ್ ಎಂಬಾಕೆಯನ್ನು ಮದುವೆಯಾದರು. ೧೮೮೭ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರಸಾಯನಶಾಸ್ತ್ರದ ಪೀಠವು ದೊರೆಯಿತು. ಸುಮಾರು ಕಾಲು ಶತಮಾನದ ಕಾಲ ಅಲ್ಲಿಯೇ ಇದ್ದರು. ಗಾಜನ್ನು ಊದಿ ತಮಗೆ ಬೇಕಾದ ಉಪಕರಣಗಳನ್ನು ತಮ್ಮ ಕೈಯಿಂದಲೇ ಮಾಡಿಕೊಳ್ಳುವುದರಲ್ಲಿ ಅವರಿಗೆ ಅಸಾಧಾರಣ ನೈಪುಣ್ಯವಿತ್ತು. ಸಾಮಾನು ಬರಲಿಲ್ಲವೆಂದು ಕೈಕಟ್ಟಿ ಕೂಡುವ ಸ್ವಭಾವ ಅವರದಲ್ಲ.

ಈಗ ಆ ಶೇಷದ ಸಂಗತಿಗೆ ಬರೋಣ. ಗಾಳಿಯಲ್ಲಿ ಆಮ್ಲಜನಕವೂ ಸಾರಜನಕವೂ, ಅವುಗಳೊಂದಿಗೆ ಕೊಂಚ ಇಂಗಾಲಾಮ್ಲ ವಾಯುವೂ ನೀರಾವಿಯೂ ಇವೆ, ಅಷ್ಟೇ, ಎಂದು ನೂರು ವರುಷಗಳಿಂದ ಎಲ್ಲ ಪುಸ್ತಕಗಳೂ ಹೇಳುತ್ತಿದ್ದವು. ಲಾರ್ಡ್ ರೇಲೀ ಎಂಬ ಭೌತಶಾಸ್ತ್ರಜ್ಞರು ಅನಿಲಗಳ ಸಾಂದ್ರತೆಯನ್ನು ಅತ್ಯಂತ ಎಚ್ಚರಿಕೆಯಿಂದ ತೂಗುತ್ತಿದ್ದಾಗ ವಿಚಿತ್ರವೊಂದು ಕಂಡುಬಂತು. ಗಾಳಿಯಿಂದ ಉಳಿದುದನ್ನೆಲ್ಲಾ ತೆಗೆದು ಪಡೆದ ಸಾರಜನಕವನ್ನು ತಮ್ಮ ಗಾಜಿನ ಬುರುಡೆಯಲ್ಲಿ ತುಂಬಿ ತೂಗಿದರೆ ೨.೩೧೦ ಗ್ರಾಂ ಬಂತು. ಅಮೋನಿಯ ಮೊದಲಾದ ರಾಸಾಯನಿಕ ಪದಾರ್ಥಗಳಿಂದ ಬಿಡಿಸಿದ ಸಾರಜನಕವು ಅದೇ ಬುರುಡೆಯಲ್ಲಿ ೨.೨೯೯ ಗ್ರಾಂ ತೂಗಿತು. ವ್ಯತ್ಯಾಸವು ೧೧ ಮಿಲಿಗ್ರಾಂ. ನಮ್ಮ ಹಿರಿಯರು ಚಿನ್ನ ತೂಗುತ್ತಿದ್ದ ಗುಲಗಂಜಿಯ ಹತ್ತರಲ್ಲೊಂದು ಪಾಲಿಗಿಂತಲೂ ತುಸು ಕಡಿಮೆ. ಬೇರೊಬ್ಬರಾಗಿದ್ದರೆ ಕೈತಪ್ಪೆಂದು ಬಿಟ್ಟುಬಿಡುತ್ತಿದ್ದರು. ರೇಲೀಯವರು ಮತ್ತೆ ಮತ್ತೆ ತೂಗಿದರು, ವ್ಯತ್ಯಾಸವು ಹೋಗಲಿಲ್ಲ. ೧೮೯೨ರಲ್ಲಿ ಅವರು ಒಂದು ವಿಜ್ಞಾನ ಪತ್ರಿಕೆಗೆ ಬರೆದು, ಇದಕ್ಕೆ ಕಾರಣವನ್ನು ಬಲ್ಲ ರಸಾಯನಜ್ಞರು ತಿಳಿಸಬೇಕೆಂದು ಬೇಡಿಕೊಂಡರು. ತನಗೆ ತಿಳಿಯದೆಂದು ಬಹಿರಂಗವಾಗಿ ಕೇಳುವ ಧೈರ್ಯವು ದೊಡ್ಡವರಲ್ಲಿ ಕಾಣುವುದು ಅಪೂರ್ವವೇ ಸರಿ.

೧೮೯೪ನೆಯ ಏಪ್ರಿಲ್‌ನಲ್ಲಿ ರೇಲೀಯವರ ಉಪನ್ಯಾಸವನ್ನು ಕೇಳಿದ ರಾಮ್ಸೆಯವರು ಅವರ ಅನುಮತಿಯನ್ನು ಪಡೆದು ತಾವೂ ಕೆಲಸಕ್ಕೆ ತೊಡಗಿದರು. ಮೆಗ್ನೀಸಿಯಂ ಎಂಬ ಲೋಹವನ್ನು ಕೆಂಪಗೆ ಕಾಯಿಸಿದರೆ ಅದು ಸಾರಜನಕವನ್ನು ಹೀರಿಕೊಳ್ಳುತ್ತದೆ. ಗಾಳಿಯಿಂದ ಪಡೆದ ಸಾರಜನಕವನ್ನು ಅಂಥ ಮೆಗ್ನೀಸಿಯಮ್ಮಿನ ಮೇಲೆ ಹಾಯಿಸಿದರು, ಉಳಿದುದನ್ನು ತೂಗಿದರು, ಪುನಃ ಹಾಯಿಸಿದರು, ಪುನಃ ತೂಗಿದರು. ಪ್ರತಿ ಸಲವೂ ಅನಿಲದ ಗಾತ್ರವು ಕುಗ್ಗಿತು, ಸಾಂದ್ರತೆಯು ಏರಿತು. ಜಲಜನಕವನ್ನು ೧ ಎಂದಿಟ್ಟುಕೊಂಡರೆ ಸಾರಜನಕದ ಸಾಂದ್ರತೆ ೧೪. ಇವರ ಶೇಷದ ಸಾಂದ್ರತೆಯು ಏರಿ ಏರಿ ಕೊನೆಗೆ ೨೦ರ ಹತ್ತಿರ ನಿಂತಿತು. ಅಷ್ಟಾದ ಮೇಲೆ ಎಷ್ಟು ಕಾಯಿಸಿದರೂ ಅದು ಯಾವುದರೊಂದಿಗೂ ಕೂಡಲೊಲ್ಲದು. ಅದರ ಬೆಳಕನ್ನು ತ್ರಿಪಾರ್ಶ್ವದ ಗಾಜಿನಿಂದ ಬಿಡಿಸಿ ನೋಡಿದಾಗ ಯಾವ ಗೊತ್ತಾದ ವಸ್ತುವಿಗೂ ಇಲ್ಲದ ರೇಖೆಗಳು ಕಂಡುವು. ಆ ವರುಷದ ಆಗಸ್ಟ್‌ನಲ್ಲಿ ರಾಮ್ಸೆ, ರೇಲೀ ಇಬ್ಬರೂ ಕೂಡಿ ಆಕ್ಸ್‌ಫರ್ಡಿನಲ್ಲಿ ನೆರೆದ ವಿದ್ವತ್ಸಭೆಗೆ ಈ ಸುದ್ದಿಯನ್ನು ತಿಳಿಸಿದರು. ಯಾವುದರೊಡನೆಯೂ ಬೆರೆಯದ ಈ ಮೂಲವಸ್ತುವಿಗೆ ಸೋಮಾರಿ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಆರ್ಗಾನ್ ಎಂದು ಹೆಸರಾಯಿತು.

ಸೋಮಾರಿಯಾದರೂ ಅದು ಅಪರೂಪದ್ದಲ್ಲ. ನೂರು ಪಾಲು ಗಾಳಿಯಲ್ಲಿ ಹೆಚ್ಚು ಕಡಿಮೆ ಒಂದು ಪಾಲು ಆರ್ಗಾನ್ ಇದೆ. ಇನ್ನೂ ಆಶ್ಚರ್ಯವೇನೆಂದರೆ, ೧೭೮೫ರಷ್ಟು ಹಿಂದೆಯೇ ಹೆನ್ರಿ ಕ್ಯಾವೆಂಡಿಷ್ ಎಂಬ ಮಹನೀಯರು ಗಾಳಿಯ ಸಾರಜನಕವನ್ನೆಲ್ಲಾ ವಿದ್ಯುತ್ ಕಿಡಿಯಿಂದ ಕಳೆದು ನೋಡಿ, ೧೨೦ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲದ ಗುಳ್ಳೆಯೊಂದು ಉಳಿಯಿತೆಂದು ಬರೆದಿಟ್ಟಿದ್ದರು. ನೂರಾ ಒಂಬತ್ತು ವರುಷ ಆ ಗುಳ್ಳೆಯ ಸಂಗತಿಯು ಅಚ್ಚಾಗಿ ಕಣ್ಣೆದುರಿಗೇ ಇದ್ದರೂ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಷ್ಟು ಜನ ವಿದ್ವಾಂಸರು ಅದನ್ನು ಓದಿ ದಾಟಿಹೋದುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯ ಭೀತಿಯೇ ಉಂಟಾಗುತ್ತದೆ.

ಆಕ್ಷೇಪಣೆಗಳಿಗೇನೂ ಕಡಮೆಯಾಗಲಿಲ್ಲ. ಮೂಲವಸ್ತುಗಳನ್ನು ಪಂಕ್ತಿಯಾಗಿ ಜೋಡಿಸಿದ ರಷ್ಯದ ಮೆಂಡೆಲೀಫರವರೇ ಇದು ಸಾರಜನಕದ ಬೇರೊಂದು ರೂಪವಿರಬೇಕೆಂದು ಎಣಿಸಿದರು. ಅವರ ಪಟ್ಟಿಯಲ್ಲಿ ಇದಕ್ಕೆ ಸ್ಥಳವೇ ಇರಲಿಲ್ಲ. ರಾಮ್ಸೆಯವರು ವಾದಕ್ಕಿಂತ ಹುಡುಕುವುದನ್ನೇ ಹೆಚ್ಚಾಗಿ ನಂಬಿದವರು. ಆರ್ಗಾನ್ ಒಂದೇ ಇರುವುದು ಸಾಧ್ಯವಿಲ್ಲ, ಅದಕ್ಕೆ ಒಂದು ಕುಟುಂಬವೇ ಇರಬೇಕೆಂದು ಊಹಿಸಿದರು.

ಆ ಕುಟುಂಬದ ಮೊದಲ ಬಂಧುವಿನ ವಿಷಯದಲ್ಲಿ ನಮ್ಮ ಕನ್ನಡನಾಡಿಗೂ ಒಂದು ಸಂಬಂಧವಿದೆ. ೧೮೬೮ನೆಯ ಆಗಸ್ಟ್ ೧೮ರಂದು ಪೂರ್ಣ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಜಾನ್ಸೆನ್ ಎಂಬ ಫ್ರೆಂಚ್ ಪಂಡಿತರು ಗುಂಟೂರಿನಲ್ಲಿಯೂ, ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬವರು ನಮ್ಮ ಜಮಖಂಡಿಯಲ್ಲಿಯೂ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಗಳ ಬೆಳಕನ್ನು ಬಿಡಿಸಿ ನೋಡಿದವರಿಗೆ ಹೊಳೆಯುವ ರೇಖೆಗಳು ಕಂಡುವು. ಅವುಗಳಲ್ಲಿ ಹಳದಿಯದೊಂದನ್ನು ಮೊದಲು ಸೋಡಿಯಮ್ಮಿನ ರೇಖೆಯೆಂದೇ ಎಣಿಸಿದ್ದರು. ಅದು ಸೋಡಿಯಮ್ಮಿನದಲ್ಲ, ಅದರ ಪಕ್ಕದಲ್ಲಿರುವ ಬೇರೊಂದು ರೇಖೆಯೆಂದು ಆ ವರುಷವೇ ಲಾಕಿಯರ್ ಎಂಬ ಇಂಗ್ಲಿಷ್ ವಿದ್ವಾಂಸರು ತೋರಿಸಿದರು. ಭೂಮಿಯ ಯಾವ ವಸ್ತುವೂ ಆ ರೇಖೆಯನ್ನು ಕೊಡದಿದ್ದುದರಿಂದ, ಸೂರ್ಯನ ಹೆಸರಿನಿಂದ ಅದರ ವಸ್ತುವನ್ನು ಹೀಲಿಯಂ ಎಂದು ಕರೆದರು. ಇಪ್ಪತ್ತಾರು ವರುಷ ಅದು ಬರಿಯ ಹೆಸರಾಗಿಯೇ ಇತ್ತು.

ಅಮೆರಿಕದ ಹಿಲ್ಲೆಬ್ರಾಂಡ್ ಎಂಬ ನಿಪುಣ ವಿಶ್ಲೇಷಕರು ಯುರೇನಿಯಂ ಇರುವ ಅದಿರುಗಳನ್ನು ಆಮ್ಲದೊಡನೆ ಕಾಯಿಸಿದಾಗ ಅನಿಲವೊಂದು ಹೊರಟಿತ್ತು; ಅವರು ಅದನ್ನು ಸಾರಜನಕವೆಂದು ಬರೆದಿದ್ದರು. ಆರ್ಗಾನ್ ಸಿಕ್ಕೀತೇನೋ ಎಂಬ ಆಸೆಯಿಂದ ೧೮೯೫ನೆಯ ಮಾರ್ಚ್‌ನಲ್ಲಿ ರಾಮ್ಸೆಯವರು ಕ್ಲೀವೈಟ್ ಎಂಬ ಅಂಥ ಅದಿರನ್ನು ಕಾಯಿಸಿ, ಬಂದ ಅನಿಲದ ಬೆಳಕನ್ನು ನೋಡಿದರು. ಸೋಡಿಯಮ್ಮಿನ ಪಕ್ಕದಲ್ಲಿ, ಆದರೆ ಅದರೊಡನೆ ಹೊಂದದೆ, ಪ್ರಕಾಶಮಾನವಾದ ಹಳದಿಯ ರೇಖೆಯೊಂದಿತ್ತು. ಕ್ರೂಕ್ಸ್ ಎಂಬ ಮಿತ್ರರು ಅಳೆದು ನೋಡಿ, ಇದು ಸೂರ್ಯನ ಹೀಲಿಯಮ್ಮೇ ಎಂದು ದೃಢಪಡಿಸಿದರು. ಜಮಖಂಡಿಯ ಮೋಡಗಳ ಸಂದಿನಲ್ಲಿ ಮಿಂಚಿ ಮರೆಯಾದ ಬೆಳಕು ಲಂಡನ್ನಿನ ಒಂದು ಚಿಕ್ಕ ಗಾಜಿನ ಕೊಳವೆಯಲ್ಲಿ ಸೆರೆಸಿಕ್ಕಿತು.

ಮಿಕ್ಕವು ೧೮೯೮ರಲ್ಲಿ, ಆರು ವಾರಗಳಿಂದೆರಡು ತಿಂಗಳೊಳಗೆ, ಒಂದರ ಹಿಂದೊಂದಾಗಿ ದೊರೆತುವು. ಮಾರಿಸ್ ಟ್ರಾವರ್ಸ್ ಎಂಬ ತರುಣರು ಆಗ ಅವರ ಸಹಾಯಕರು. ಗಾಳಿಯನ್ನು ತಣಿಸಿ ನೀರಿನಂತೆ ಮಾಡಿ, ಅದನ್ನು ಮೆಲ್ಲಗೆ ಕುದಿಯಗೊಟ್ಟು, ಯಾವ ಅನಿಲವು ಮೊದಲು ಹೋಗುವುದು ಯಾವುದು ಕೊನೆಯಲ್ಲಿ ಉಳಿಯುವುದು ಎಂದು ಕಾದು ಹಿಡಿದರು. ಮೇ ತಿಂಗಳ ಕೊನೆಯಲ್ಲಿ ಕ್ರಿಪ್ಟಾನ್, ಜೂನ್‌ನಲ್ಲಿ ನಿಯಾನ್, ಜುಲೈಯಲ್ಲಿ ಕ್ಸೆನಾನ್. ನಿಯಾನ್ ಎಂಬ ಹೆಸರಿಗೆ ಕಾರಣನಾದವನು ರಾಮ್ಸೆಯವರ ಹದಿಮೂರು ವರುಷದ ಮಗನು. ಹೊಸದೆಂಬ ಅರ್ಥದ ಲ್ಯಾಟಿನ್ ಶಬ್ದವನ್ನು ಅವನು ಸೂಚಿಸಲು, ತಂದೆಯು ಮೆಚ್ಚಿ ಅದನ್ನೇ ಗ್ರೀಕಿಗೆ ತಿರುಗಿಸಿಕೊಂಡರು. ಕ್ಸೆನಾನ್ ಎಷ್ಟು ಅಲ್ಪವೆಂದರೆ ಒಂದು ಕೋಟಿ ಪಾಲು ಗಾಳಿಯಲ್ಲಿ ಅದು ಒಂದು ಪಾಲೂ ಇಲ್ಲ. ಇಂದು ಬೀದಿಯ ಅಂಗಡಿಗಳಲ್ಲಿ ಕೆಂಪಗೆ ಉರಿಯುವ ನಿಯಾನ್ ದೀಪವನ್ನೂ, ಬೆಸುಗೆ ಹಾಕುವಾಗ ಲೋಹವು ಕೆಡದಂತೆ ಕಾಯುವ ಆರ್ಗಾನನ್ನೂ, ಆಸ್ಪತ್ರೆಯಲ್ಲಿ ದೇಹದ ಒಳಭಾಗವನ್ನು ತೋರಿಸುವ ಎಂಆರ್‌ಐ ಯಂತ್ರಗಳನ್ನು ತಂಪಾಗಿಡುವ ಹೀಲಿಯಮ್ಮನ್ನೂ ನೋಡುವಾಗ, ಪ್ರಯೋಜನವೇನೆಂಬ ಪ್ರಶ್ನೆಗೆ ಬೇರೆ ಉತ್ತರವು ಬೇಕಾಗದು. ಕಂಡುಹಿಡಿದ ದಿನ ಇವು ಯಾವುದಕ್ಕೂ ಬಾರದವುಗಳಾಗಿದ್ದುವು.

ಕೀರ್ತಿಯು ಹೀಗೆ ಶಿಖರಕ್ಕೇರಿದ್ದಾಗಲೇ ಟಾಟಾರವರ ಆಹ್ವಾನವು ಬಂತು. ಭಾರತೀಯರಿಗೆ ಉಚ್ಚ ಮಟ್ಟದ ಸಂಶೋಧನೆಯ ವಿದ್ಯಾಪೀಠವೊಂದು ಬೇಕೆಂದು ಟಾಟಾರವರು ೩೦ ಲಕ್ಷ ರೂಪಾಯಿಗಳ ಆಸ್ತಿಯನ್ನು ಮುಡಿಪಾಗಿಟ್ಟಿದ್ದರು. ಅದರ ಸ್ಥಳವನ್ನೂ ರೂಪವನ್ನೂ ಕುರಿತು ಆಲೋಚನೆ ಹೇಳಲು ರಾಮ್ಸೆಯವರು ೧೯೦೦ರ ಚಳಿಗಾಲದಲ್ಲಿ ಹಡಗನ್ನೇರಿ ಬಂದು, ಸುಮಾರು ಹತ್ತು ವಾರಗಳ ಕಾಲ ದೇಶವನ್ನು ಸುತ್ತಿದರು. ಬೆಂಗಳೂರಿನ ಹವೆಯು ಅವರಿಗೆ ಒಪ್ಪಿತು. ಮೈಸೂರು ಸಂಸ್ಥಾನವು ಭೂಮಿಯನ್ನೂ ಧನಸಹಾಯವನ್ನೂ ಕೊಡಲು ಮುಂದೆ ಬಂದಿತ್ತು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರವರು. ಬಾಲಕರಾದ ಕೃಷ್ಣರಾಜ ಒಡೆಯರವರ ಪರವಾಗಿ ರೀಜೆಂಟರಾಗಿ ರಾಜ್ಯಭಾರವನ್ನು ವಹಿಸಿದ್ದವರು ಅವರ ತಾಯಿ ವಾಣೀವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಈ ಒಂದು ಸಂಗತಿಯನ್ನು ನಮ್ಮ ಹುಡುಗಿಯರು ಮರೆಯಬಾರದೆಂದು ನನ್ನ ಅಪೇಕ್ಷೆ.

ಸಲಹೆಯು ಕೂಡಲೇ ನೆರವೇರಲಿಲ್ಲ. ಲಾರ್ಡ್ ಕರ್ಜನರ ಸರ್ಕಾರವು ಖರ್ಚಿಗೆ ಹೆದರಿ ಇನ್ನೊಂದು ಸಮಿತಿಯನ್ನು ನೇಮಿಸಿತು, ಕಾಗದಗಳು ಓಡಾಡಿದುವು, ಟಾಟಾರವರು ೧೯೦೪ರಲ್ಲಿ ತೀರಿಕೊಂಡರು. ಅಂತೂ ೧೯೦೬ರಲ್ಲಿ ಮೊದಲನೆಯ ಡೈರೆಕ್ಟರರ ನೇಮಕವಾಯಿತು. ಅವರು ಬೇರಾರೂ ಅಲ್ಲ, ನಿಯಾನನ್ನು ಕಂಡ ಮಾರಿಸ್ ಟ್ರಾವರ್ಸರೇ. ೧೯೦೭ರಲ್ಲಿ ಮಹಾರಾಜರು ೩೭೧ ಎಕರೆ ಭೂಮಿಯನ್ನು ಕೊಟ್ಟರು. ೧೯೧೧ರಲ್ಲಿ ಮೊದಲ ವಿದ್ಯಾರ್ಥಿಗಳು ಒಳಬಂದರು.

ಇತ್ತ ರಾಮ್ಸೆಯವರಿಗೆ ೧೯೦೨ರಲ್ಲಿ ಸರ್ ಎಂಬ ಬಿರುದೂ, ೧೯೦೪ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನವೂ ದೊರೆತುವು. ಅದೇ ವರುಷ ಭೌತಶಾಸ್ತ್ರದ ಬಹುಮಾನವು ರೇಲೀಯವರಿಗಾಯಿತು. ೧೧ ಮಿಲಿಗ್ರಾಮಿನ ವ್ಯತ್ಯಾಸವು ಎರಡು ನೊಬೆಲ್ ಬಹುಮಾನಗಳನ್ನು ತಂದಿತೆಂದರೆ ಅತಿಶಯೋಕ್ತಿಯಲ್ಲ. ಆ ಸುಮಾರಿಗೆ ಹತ್ತೊಂಬತ್ತು ಮಂದಿ ಸ್ತ್ರೀಯರು ತಮ್ಮನ್ನೂ ಲಂಡನ್ನಿನ ಕೆಮಿಕಲ್ ಸೊಸೈಟಿಯ ಸದಸ್ಯರನ್ನಾಗಿ ಸೇರಿಸಿಕೊಳ್ಳಬೇಕೆಂದು ಮನವಿಯನ್ನು ಸಲ್ಲಿಸಿದ್ದರು. ಸ್ತ್ರೀಯರ ಪಕ್ಷವನ್ನು ವಹಿಸಿದ ಹಿರಿಯರಲ್ಲಿ ರಾಮ್ಸೆಯವರೂ ಒಬ್ಬರು. ಅವರ ಪ್ರಯೋಗಶಾಲೆಯಲ್ಲಿಯೇ ಎಮಿಲಿ ಆಸ್ಟನ್ ಎಂಬಾಕೆಯು ದ್ರವಗಳ ಮೇಲ್ಮೈಯ ವಿಷಯವಾಗಿ ಅವರೊಡನೆ ಸಂಶೋಧನೆ ಮಾಡಿ ಪ್ರಕಟಿಸಿದ್ದಳು. ಸೊಸೈಟಿಯ ಬಾಗಿಲು ಮಾತ್ರ ೧೯೨೦ರ ವರೆಗೆ ತೆರೆಯಲಿಲ್ಲ.

ಜೀವನಚರಿತ್ರೆಯನ್ನು ಬರೆಯುವವರು ಮಹಾಪುರುಷರ ಎಡವಿದ ಹೆಜ್ಜೆಗಳನ್ನು ಮುಚ್ಚುವುದುಂಟು. ವಿಶ್ಲೇಷಕರೊಬ್ಬರ ಚರಿತ್ರೆಯಲ್ಲಿ ಅದು ಸಲ್ಲದು. ರೇಡಿಯಮ್ಮಿನಿಂದ ಹೀಲಿಯಂ ಹುಟ್ಟುವುದನ್ನು ೧೯೦೩ರಲ್ಲಿ ಸಾಡಿ ಎಂಬವರೊಡನೆ ತೋರಿಸಿದ್ದ ರಾಮ್ಸೆಯವರು, ಒಂದು ಮೂಲವಸ್ತುವು ಮತ್ತೊಂದಾಗುವ ವಿಷಯದಲ್ಲಿ ಬಹಳ ಉತ್ಸಾಹಗೊಂಡಿದ್ದರು. ೧೯೦೭ರಲ್ಲಿ, ತಾಮ್ರದ ಲವಣವಿರುವ ನೀರಿಗೆ ರೇಡಿಯಮ್ಮಿನ ಅನಿಲವನ್ನು ಸೋಕಿಸಿದರೆ ತಾಮ್ರವು ಲಿಥಿಯಂ ಆಗಿ ಮಾರ್ಪಡುತ್ತದೆಂದು ಪ್ರಕಟಿಸಿದರು. ಲಿಥಿಯಮ್ಮಿನ ರೇಖೆಯು ಕಂಡದ್ದೇನೋ ನಿಜ. ಪ್ಯಾರಿಸಿನಲ್ಲಿ ಮೇರಿ ಕ್ಯೂರಿಯವರೂ, ನಾರ್ವೆಯಿಂದ ಬಂದು ಅವರ ಬಳಿಯಲ್ಲಿದ್ದ ಎಲೆನ್ ಗ್ಲೆಡಿಚ್ ಎಂಬ ತರುಣಿಯೂ ಮರುವರುಷ ಅದನ್ನೇ ಮಾಡಿ ನೋಡಿದರು. ಆದರೆ ಅವರು ಗಾಜಿನ ಪಾತ್ರೆಯನ್ನು ಬಿಟ್ಟು ಪ್ಲಾಟಿನಂ ಪಾತ್ರೆಯನ್ನು ಬಳಸಿದರು. ಲಿಥಿಯಂ ಕಾಣಲೇ ಇಲ್ಲ. ರಾಮ್ಸೆಯವರಿಗೆ ಕಂಡದ್ದು ತಾಮ್ರದಿಂದ ಹುಟ್ಟಿದ್ದಲ್ಲ, ಪಾತ್ರೆಯ ಗಾಜಿನಿಂದ ಕರಗಿ ಬಂದದ್ದು. ಗಾಜನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ವಿರಳರಾಗಿದ್ದರೆಂಬುದೇ ಇದರಲ್ಲಿ ಸೋಜಿಗ. ತಿಳಿಸಾರನ್ನು ಹಿತ್ತಾಳೆಯ ಪಾತ್ರೆಯಲ್ಲಿ ಕಾಯಿಸಿದರೆ ಕಿಲುಬು ಬರುವುದೆಂದು ಕಲಾಯಿ ಹಾಕಿಸುವ ನಮ್ಮ ಅಡುಗೆಮನೆಯ ವಿವೇಕವೂ ಇದೇ: ಪಾತ್ರೆಯೂ ಪದಾರ್ಥದೊಳಗೆ ಸೇರುತ್ತದೆ.

ಅದರಿಂದ ಅವರ ಕೈಚಳಕವೇನೂ ಕುಗ್ಗಲಿಲ್ಲ. ೧೯೧೦ರಲ್ಲಿ ವೈಟ್‌ಲಾ ಗ್ರೇ ಎಂಬ ಸಹಾಯಕರೊಡನೆ, ರೇಡಿಯಮ್ಮಿನಿಂದ ಹೊರಡುವ ಅನಿಲವನ್ನೇ ತೂಗಿಬಿಟ್ಟರು. ಅವರಿಗೆ ದೊರೆತ ಅನಿಲವು ಒಂದು ಘನ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೂ ಕಡಿಮೆ. ಅಂದರೆ ಒಂದು ಸಾಸಿವೆಯ ಕಾಳಿಗಿಂತ ಎಷ್ಟೋ ಚಿಕ್ಕದು. ಅದಕ್ಕೆಂದೇ ಅತಿಸೂಕ್ಷ್ಮವಾದ ತಕ್ಕಡಿಯನ್ನು ರಚಿಸಬೇಕಾಯಿತು. ಅದರ ಪರಮಾಣು ತೂಕವು ಸುಮಾರು ೨೨೩ ಎಂದು ಬಂತು. ಇಂದು ರೇಡಾನ್ ಎಂಬ ಹೆಸರಿನ ಆ ವಸ್ತುವಿಗೆ ನಮ್ಮ ಪುಸ್ತಕಗಳಲ್ಲಿರುವ ಅಂಕೆಯು ೨೨೨. ತಕ್ಕಡಿಯ ಮುಂದೆ ಮೂರನೆಯ ದಶಾಂಶಕ್ಕೆ ಬೇಸರಿಸುವ ನಮ್ಮ ಹುಡುಗಿಯರಿಗೆ ನಾನು ಈ ಒಂದು ಪ್ರಯೋಗವನ್ನು ವರುಷಕ್ಕೊಮ್ಮೆ ವಿವರಿಸಿ ಹೇಳುತ್ತೇನೆ.

ರಾಮ್ಸೆಯವರ ಶಿಷ್ಯರಲ್ಲಿ ಹರ್ಬರ್ಟ್ ವಾಟ್ಸನ್ ಎಂಬವರೊಬ್ಬರಿದ್ದರು. ನಿಯಾನ್ ಅನಿಲದ ಸಾಂದ್ರತೆಯನ್ನು ನಿಖರವಾಗಿ ಗೊತ್ತುಮಾಡಿದ ಇವರು, ಹೊಸ ಸಂಸ್ಥೆಯ ಮೊದಲ ಅಧ್ಯಾಪಕರಲ್ಲೊಬ್ಬರಾಗಿ ಬೆಂಗಳೂರಿಗೆ ಬಂದರು. ಇಲ್ಲಿಂದ ಕಥೆಯು ನಮ್ಮ ಹಾಸನ ಸೀಮೆಯ ಬೇಲಿ ಬೆಟ್ಟಗಳ ಬಳಿಗೇ ಬರುತ್ತದೆ. ಮೈಸೂರು ಸೀಮೆಯ ಗಂಧದ ಮರವು, ಯಾರ ಹಿತ್ತಲಿನಲ್ಲಿ ಬೆಳೆದರೂ, ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. ಅದರ ಕೊರಡುಗಳು ಹರಾಜಾಗಿ ಬಹುಪಾಲು ಜರ್ಮನಿಗೆ ಹೋಗಿ, ಎಣ್ಣೆಯು ಅಲ್ಲಿಯೇ ತೆಗೆಯಲ್ಪಡುತ್ತಿತ್ತು. ೧೯೧೪ರಲ್ಲಿ ಮಹಾಯುದ್ಧವು ಪ್ರಾರಂಭವಾಗಲು ಆ ವ್ಯಾಪಾರವು ನಿಂತು, ಕೊರಡುಗಳು ಕೊಳ್ಳುವವರಿಲ್ಲದೆ ಬಿದ್ದುವು. ಆಗ ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕೆಗಳ ಇಲಾಖೆಯ ಮೇಲಧಿಕಾರಿ ಚಾಟರ್ಟನ್ನರು. ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ವಿಧಾನವನ್ನು ಸಂಸ್ಥೆಯ ಪ್ರೊಫೆಸರರಾದ ಸಡ್‌ಬರೋರವರೂ ವಾಟ್ಸನ್ನರೂ ಪ್ರಯೋಗಶಾಲೆಯಲ್ಲಿ ಗೊತ್ತುಮಾಡಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ ಮರುವರುಷ ಮೈಸೂರಿನಲ್ಲಿಯೂ ಸರ್ಕಾರದ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದುವು.

ಇಲ್ಲಿ ವಿಶ್ಲೇಷಣದ 'ಎಷ್ಟು' ಎಂಬ ಪ್ರಶ್ನೆಯು ಹಣದ ಪ್ರಶ್ನೆಯೇ ಆಗುತ್ತದೆ. ಗಂಧದೆಣ್ಣೆಯ ಪರಿಮಳಕ್ಕೆ ಮುಖ್ಯ ಕಾರಣವಾದ ವಸ್ತುವು ಸ್ಯಾಂಟಲಾಲ್. ಒಳ್ಳೆಯ ಎಣ್ಣೆಯಲ್ಲಿ ಅದು ನೂರಕ್ಕೆ ತೊಂಬತ್ತು ಪಾಲಿಗೆ ಕಡಿಮೆಯಿರಬಾರದು. ಬರಿಯ ಮೂಗನ್ನು ನಂಬಿ ದೂರದೇಶದ ವ್ಯಾಪಾರಿಯು ಹಣ ಕೊಡುವನೇ? ಆದಕಾರಣ ಎಣ್ಣೆಯನ್ನು ತೂಗಿ ತೆಗೆದುಕೊಂಡು, ವಿನಿಗರಿನ ಹುಳಿಯಿಂದಾದ ಒಂದು ಪದಾರ್ಥದೊಡನೆ ಕಾಯಿಸುತ್ತಾರೆ. ಸ್ಯಾಂಟಲಾಲ್ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಹುಳಿಯು ಅದರೊಡನೆ ಕೂಡಿಕೊಳ್ಳುತ್ತದೆ. ಹೆಚ್ಚಿನದನ್ನು ತೊಳೆದು ತೆಗೆದು, ಕೂಡಿಕೊಂಡ ಹುಳಿಯನ್ನು ಬಿಡಿಸಲು ಬೇಕಾದ ಕ್ಷಾರವನ್ನು ತೊಟ್ಟುತೊಟ್ಟಾಗಿ ಅಳೆಯುತ್ತಾರೆ. ಬಣ್ಣವು ತಿರುಗಿದ ಗಳಿಗೆಯಲ್ಲಿ ಲೆಕ್ಕವು ಮುಗಿಯಿತು. ಅರಿಸಿನದ ನೀರಿಗೆ ನಿಂಬೆಯನ್ನು ಹಿಂಡಿದವಳಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಗ್ಗದ ಎಣ್ಣೆಯನ್ನು ಬೆರಸಿದ್ದರೆ ಅಂಕೆಯು ತೊಂಬತ್ತಕ್ಕೆ ಏರದೆ ಬೆರಕೆಯನ್ನು ಹೊರಗೆಡಹುತ್ತದೆ. ಮೈಸೂರಿನ ಗಂಧದೆಣ್ಣೆಗೆ ಲೋಕದಲ್ಲಿ ಬಂದ ಹೆಸರು ಪರಿಮಳದಿಂದ ಎಷ್ಟೋ, ಇಂಥ ಪರೀಕ್ಷೆಯ ಚೀಟಿಯಿಂದಲೂ ಅಷ್ಟೇ ಬಂದುದು.

ಆ ಕಾರ್ಖಾನೆಯು ಎದ್ದ ವರುಷದಲ್ಲಿಯೇ, ೧೯೧೬ನೆಯ ಜುಲೈ ೨೩ರಂದು, ಇಂಗ್ಲೆಂಡಿನ ಹೈವಿಕೂಂ ಎಂಬ ಊರಿನ ಸಮೀಪದಲ್ಲಿ ಸರ್ ವಿಲಿಯಂ ರಾಮ್ಸೆಯವರು ಮೂಗಿನ ಕ್ಯಾನ್ಸರ್ ವ್ಯಾಧಿಯಿಂದ ಬಹಳ ನರಳಿ ಕಾಲವಾದರು. ಆಗ ಅವರಿಗೆ ಅರುವತ್ತಮೂರು ವರುಷ. ೧೯೨೨ರಲ್ಲಿ ವೆಸ್ಟ್‌ಮಿನ್‌ಸ್ಟರ್ ಆಬಿ ದೇವಾಲಯದಲ್ಲಿ ಅವರ ಸ್ಮಾರಕಫಲಕವು ಸ್ಥಾಪಿತವಾಯಿತು.

ವಾಟ್ಸನ್ನರು ೧೯೩೪ರ ವರೆಗೂ ಬೆಂಗಳೂರಿನಲ್ಲಿದ್ದರು. ಅವರು ಹೊರಡುವುದಕ್ಕೆ ಮುಂಚಿನ ವರುಷ, ಬೊಂಬಾಯಿಯ ವಿಶ್ವವಿದ್ಯಾನಿಲಯದಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದ ಕಮಲಾ ಭಾಗವತ್ ಎಂಬ ತರುಣಿಯು ಸಂಸ್ಥೆಯಲ್ಲಿ ಪ್ರವೇಶವನ್ನು ಬೇಡಿದಳು. ಆಗ ಡೈರೆಕ್ಟರರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ನಿರಾಕರಿಸಿದರು. ಆಕೆಯು ಹಿಂದಿರುಗದೆ ಅಲ್ಲಿಯೇ ಹಟಹಿಡಿದು ನಿಲ್ಲಲು, ಹಲವು ಕಟ್ಟುಗಳನ್ನು ವಿಧಿಸಿ ಒಂದು ವರುಷದ ಪರೀಕ್ಷೆಯ ಮೇಲೆ ಸೇರಿಸಿಕೊಂಡರು. ಶ್ರೀನಿವಾಸಯ್ಯನವರೆಂಬ ಗುರುಗಳ ಕೈಕೆಳಗೆ ಆಕೆಯು ಹಾಲು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸಿ ಅಳೆದಳು. ವರುಷವು ಮುಗಿದಾಗ ರಾಮನ್ನರು ತೃಪ್ತರಾದರು, ೧೯೩೬ರಲ್ಲಿ ಎಂ.ಎಸ್‌ಸಿ. ಪದವಿಯು ವಿಶೇಷ ಯೋಗ್ಯತೆಯೊಡನೆ ದೊರೆಯಿತು. ೧೯೩೯ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯೂ ಬಂತು. ಮದುವೆಯಾದ ಮೇಲೆ ಕಮಲಾ ಸೊಹೋನಿ ಎಂದು ಹೆಸರಾದ ಈಕೆಯು ನೀರಾ ಪಾನೀಯದ ಪೋಷಕಾಂಶಗಳನ್ನು ಪರೀಕ್ಷಿಸಿದರು. ೧೯೬೬ರಲ್ಲಿ ಕೆಲವು ಸ್ತ್ರೀಯರು ಕೂಡಿ ಬೊಂಬಾಯಿಯಲ್ಲಿ ಸ್ಥಾಪಿಸಿದ ಗ್ರಾಹಕರ ಸಂಘದಲ್ಲಿಯೂ ಸೇರಿ, ಪದಾರ್ಥಗಳ ಬೆರಕೆಯ ವಿಷಯವಾಗಿ ಗೃಹಿಣಿಯರಿಗೆ ತಿಳಿವಳಿಕೆ ಕೊಡುವ ಲೇಖನಗಳನ್ನು ಬರೆಯುತ್ತಿದ್ದರು. ಆ ಪರೀಕ್ಷೆಗಳಲ್ಲಿ ಮನೆಯಲ್ಲಿಯೇ ಮಾಡಬಹುದಾದ ಒಂದನ್ನು ನಾವು ನಮ್ಮ ಒಂಬತ್ತನೆಯ ತರಗತಿಯಲ್ಲಿ ಮಾಡಿಸುತ್ತೇವೆ: ತುಸು ಹಾಲನ್ನು ಕಾಯಿಸಿ ಆರಿಸಿ, ಎರಡು ತೊಟ್ಟು ಅಯೊಡೀನ್ ಟಿಂಕ್ಚರನ್ನು ಹಾಕುವುದು. ಹಿಟ್ಟನ್ನು ಬೆರಸಿದ್ದರೆ ಹಾಲು ನೀಲಿಯಾಗುತ್ತದೆ.